ಸ್ವಿಚ್‌ನಿಂದ ಪಿಂಗ್ ಬರುತ್ತೆ, ಆಫೀಸಿನಿಂದ ಬರಲ್ಲ

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯಲ್ಲಿ ಹರಿಹರ ರಸ್ತೆ ಕಡೆ ಒಂದು ಅಕ್ಕಿ ಗಿರಣಿಯಲ್ಲಿ ಸಿಸ್ಟಮ್ ಕೆಲಸ ನೋಡ್ಕೋತೀನಿ. ಸಿಸ್ಕೋ ಲೇಯರ್ 3 ಸ್ವಿಚ್ (ನೆಟ್‌ವರ್ಕ್‌ಗಳ ನಡುವೆ ರೂಟಿಂಗ್ ಕೂಡ ಮಾಡೋದು) ಇದೆ. ಅದರಲ್ಲೇ ವಿ-ಲ್ಯಾನ್ ಅಂತ ಬೇರೆ ಬೇರೆ ನೆಟ್‌ವರ್ಕ್ ಮಾಡಿದ್ದೀವಿ. ಆಫೀಸಿಗೆ ವಿ-ಲ್ಯಾನ್ 10, ಗೋಡೌನ್ ಕ್ಯಾಮೆರಾಗೆ ವಿ-ಲ್ಯಾನ್ 20. ಗೇಟ್‌ವೇ (ಬೇರೆ ನೆಟ್‌ವರ್ಕಿಗೆ ಹೋಗೋ ದಾರಿ) ಸ್ವಿಚ್‌ನಲ್ಲೇ, 192.168.10.1 ಮತ್ತು 192.168.20.1. ಆಫೀಸ್ ಪಿಸಿಯಿಂದ 20.1ಕ್ಕೆ ಪಿಂಗ್ (ಉತ್ತರ ಬರುತ್ತಾ ಅಂತ ನೋಡೋ ಪರೀಕ್ಷೆ) ಹೋಗುತ್ತೆ, 20.50ರಲ್ಲಿರೋ ಎನ್‌ವಿಆರ್‌ಗೆ (ಕ್ಯಾಮೆರಾ ರೆಕಾರ್ಡರ್) ಮಾತ್ರ ಹೋಗಲ್ಲ. ಸ್ವಿಚ್ ಒಳಗಿಂದ ಮಾಡಿದ್ರೆ ಅದೇ ಎನ್‌ವಿಆರ್ ಉತ್ತರ ಕೊಡುತ್ತೆ! ಕ್ಯಾಮೆರಾದವರು ಸ್ವಿಚ್ ಕೆಟ್ಟಿದೆ ಅಂತಾರೆ, ಸಾಹುಕಾರ್ರು ಹೊಸದು ತರಿಸೋಕೆ ಹೊರಟಿದ್ದಾರೆ.

ಉತ್ತರ: ಸಾಹುಕಾರ್ರಿಗೆ ಸ್ವಲ್ಪ ತಡೀರಿ ಅನ್ನಿ. ಸ್ವಿಚ್ ಚೆನ್ನಾಗೇ ಇದೆ ಅಂತ ನಿಮ್ಮ ಪಿಂಗ್‌ಗಳೇ ಹೇಳ್ತಿವೆ.

ಸ್ವಿಚ್ ಒಳಗಿಂದ ಪಿಂಗ್ ಮಾಡಿದಾಗ ಅದು ಹೊರಡೋದು 20.1ರ ಹೆಸರಲ್ಲಿ. ಎನ್‌ವಿಆರ್‌ಗೆ ಅದು ತನ್ನದೇ ನೆಟ್‌ವರ್ಕ್, ಹಾಗಾಗಿ ಗೇಟ್‌ವೇ ಇಲ್ಲದೆಯೂ ಉತ್ತರ ಕೊಡುತ್ತೆ. ಇದರಿಂದ ಗೊತ್ತಾಗೋದು ಬ್ರಿಡ್ಜಿಂಗ್ (ಒಂದೇ ವಿ-ಲ್ಯಾನ್ ಒಳಗಿನ ಸಂಪರ್ಕ) ಸರಿ ಇದೆ ಅಂತ, ಅಷ್ಟೇ. ಆಫೀಸ್ ಪಿಸಿಯ ವಿಳಾಸ ಬೇರೆ ನೆಟ್‌ವರ್ಕಿಂದು. ಅದಕ್ಕೆ ಉತ್ತರ ಹೋಗ್ಬೇಕು ಅಂದ್ರೆ ಎನ್‌ವಿಆರ್‌ಗೆ ಗೇಟ್‌ವೇ ಗೊತ್ತಿರಲೇಬೇಕು.

ಸ್ವಿಚ್‌ನಲ್ಲಿ ಇದನ್ನ ಕೊಡಿ: ಪಿಂಗ್ 192.168.20.50 ಸೋರ್ಸ್ ವಿ-ಲ್ಯಾನ್ 10. ಇದೂ ಫೇಲ್ ಆದ್ರೆ ಎನ್‌ವಿಆರ್ ಮೆನುವಿನಲ್ಲಿ ಗೇಟ್‌ವೇ ನೋಡಿ. ಖಾಲಿ ಇರುತ್ತೆ, ಇಲ್ಲಾ ಬಾಕ್ಸ್‌ನಿಂದ ಬಂದಾಗಿದ್ದ 192.168.1.1 ಹಾಗೇ ಕೂತಿರುತ್ತೆ. 20.1 ಹಾಕಿ, ಮಾಸ್ಕ್ 255.255.255.0 ಇದೆಯಾ ನೋಡ್ಕೊಳ್ಳಿ.

ಒಂದು ವೇಳೆ ಸ್ವಿಚ್‌ನಿಂದಲೂ ಪಿಂಗ್ ಬರದೆ, ಶೋ ಐಪಿ ಎಆರ್‌ಪಿಯಲ್ಲಿ (ಯಾವ ಐಪಿ ಯಾವ ಸಾಧನದ್ದು ಅಂತ ತೋರಿಸೋ ಪಟ್ಟಿ) 20.50ರ ಎದುರು ಇನ್‌ಕಂಪ್ಲೀಟ್ ಅಂತ ಇದ್ದಿದ್ರೆ ಕಥೆ ಬೇರೆ. ಆಗ ರೂಟಿಂಗ್ ಕಡೆ ಹೋಗಲೇಬೇಡಿ. ಪೋರ್ಟ್ ಬೇರೆ ವಿ-ಲ್ಯಾನ್‌ನಲ್ಲಿದೆಯಾ, ಟ್ರಂಕ್‌ನಲ್ಲಿ (ಹಲವು ವಿ-ಲ್ಯಾನ್ ಹೊತ್ತು ಹೋಗೋ ಲಿಂಕ್) ವಿ-ಲ್ಯಾನ್ 20 ಸೇರಿಸೋದು ಮರೆತಿದ್ದಾರಾ, ಅದನ್ನ ಹುಡುಕಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ, ಎಲ್ಲಾನೂ ಒಂದೇ ವಿ-ಲ್ಯಾನ್‌ಗೆ ಹಾಕಿಬಿಡಿ ಗುರುವೇ.

ಉತ್ತರ: ಕ್ಯಾಮೆರಾ ಪಾಸ್‌ವರ್ಡ್ ಯಾರೂ ಬದಲಾಯಿಸಲ್ಲ ರೀ. ಅವನ್ನ ತಂದು ಲೆಕ್ಕಪತ್ರದ ಕಂಪ್ಯೂಟರ್ ಪಕ್ಕ ಕೂರಿಸಬೇಕಾ?

ಪ್ರಶ್ನೆ ಕೇಳಿದವರು: ಗೇಟ್‌ವೇ 192.168.1.1 ಅಂತಾನೇ ಇತ್ತು ಸರ್, ಬದಲಾಯಿಸಿದೆ, ಬಂತು! ಇನ್ನೊಂದು ಡೌಟು. ಗೋಡೌನಿನಲ್ಲಿ ಕರೆಂಟ್ ಹೋದಾಗ 20.1 ಕೂಡ ಸತ್ತುಹೋಗುತ್ತೆ. ಅದು ಇರೋದು ಆಫೀಸಿನ ಸ್ವಿಚ್‌ನಲ್ಲಿ, ಇಲ್ಲಿ ಯುಪಿಎಸ್ ಇದೆ.

ಉತ್ತರ: ವಿ-ಲ್ಯಾನ್ 20 ಇರೋ ಪೋರ್ಟ್ ಅಂದ್ರೆ ಗೋಡೌನ್ ಟ್ರಂಕ್ ಒಂದೇ ಇರಬೇಕು. ಒಂದು ವಿ-ಲ್ಯಾನ್‌ನಲ್ಲಿ ಒಂದೂ ಪೋರ್ಟ್ ಜೀವಂತ ಇಲ್ಲದಿದ್ರೆ ಸ್ವಿಚ್ ಅದರ ಐಪಿ ಇಂಟರ್‌ಫೇಸನ್ನೂ ಡೌನ್ ಮಾಡುತ್ತೆ, ರೂಟಿಂಗ್ ಟೇಬಲ್‌ನಿಂದ ಆ ನೆಟ್‌ವರ್ಕನ್ನೂ ತೆಗೆಯುತ್ತೆ. ಇದಕ್ಕೆ ಆಟೋಸ್ಟೇಟ್ ಅಂತಾರೆ. ದೋಷ ಅಲ್ಲ. ಕರೆಂಟ್ ಬಂದು ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕಲ್ಲಿ ಲೂಪ್ ಆಗದಂತೆ ತಡೆಯೋದು) ಆ ಟ್ರಂಕನ್ನ ಫಾರ್ವರ್ಡಿಂಗ್‌ಗೆ ತಂದ ಮೇಲೆ ತಾನೇ ಮೇಲೇಳುತ್ತೆ.

ಚಿತ್ರದುರ್ಗದ ಸದಸ್ಯರು: ನಮ್ಮದು ಜೂನಿಪರ್ ಸ್ವಿಚ್. ಐಆರ್‌ಬಿ.20ಕ್ಕೆ (ವಿ-ಲ್ಯಾನ್ 20ರ ಗೇಟ್‌ವೇ ಇಂಟರ್‌ಫೇಸ್) ಐಪಿ ಕೊಟ್ಟಿದ್ದೀನಿ, ಪೋರ್ಟ್‌ಗಳೆಲ್ಲ ಅಪ್, ಆದ್ರೂ ಗೇಟ್‌ವೇ ಪಿಂಗ್ ಆಗಲ್ಲ.

ಉತ್ತರ: ಐಪಿ ಕೊಟ್ಟರೆ ಮಾತ್ರ ಸಾಲದು ಅಣ್ಣ, ಆ ವಿ-ಲ್ಯಾನ್ ಕೆಳಗೆ ಎಲ್3-ಇಂಟರ್‌ಫೇಸ್ ಐಆರ್‌ಬಿ.20 ಅನ್ನೋ ಸಾಲು ಬೇಕು. ಅದು ಇಲ್ಲದಿದ್ರೆ ವಿ-ಲ್ಯಾನ್‌ಗೂ ಐಪಿಗೂ ಸಂಬಂಧವೇ ಇರಲ್ಲ. ಹಾಕಿ ಕಮಿಟ್ ಮಾಡಿ, ಆಮೇಲೂ ಆಗದಿದ್ರೆ ಶೋ ವಿ-ಲ್ಯಾನ್ಸ್ ಔಟ್‌ಪುಟ್ ಇಲ್ಲೇ ಹಾಕಿ.