ಸಿಖ್ಖರ ಸೇವೆ, ಸಮಾನತೆ: ಗುರುದ್ವಾರದ ಹೊರಗೆ ಎಷ್ಟು?

ಪ್ರಶ್ನೆ (ಕ್ಯಾತ್ಸಂದ್ರ, ತುಮಕೂರು)
ಸಿದ್ಧಗಂಗಾ ಮಠದ ದಾಸೋಹವನ್ನು ನೋಡುತ್ತಲೇ ಬೆಳೆದ ನಮಗೆ ಜಾತಿ ಕೇಳದೆ ಅನ್ನ ಬಡಿಸುವುದು ಹೊಸ ಸಂಗತಿಯಲ್ಲ. ಮುಂದಿನ ತಿಂಗಳು ಮನೆಯವರೊಂದಿಗೆ ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋಗುವವರಿದ್ದೇವೆ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಉಚಿತ ಸಾಮೂಹಿಕ ಭೋಜನದಲ್ಲಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆಂದು ಬಲ್ಲೆ. ಆ ಸಮಾನತೆ ಸಿಖ್ಖರ ಮನೆಯಲ್ಲಿ, ದುಡಿಮೆಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ (ಚಿಕ್ಕಬಳ್ಳಾಪುರ)
ಸಿಖ್ ಧರ್ಮದ ಸ್ಥಾಪಕರಾದ ಗುರು ನಾನಕರು (1469–1539) ತಮ್ಮ ಕೊನೆಯ ವರ್ಷಗಳನ್ನು ಕರ್ತಾರ್‌ಪುರದಲ್ಲಿ ಬೇಸಾಯ ಮಾಡುತ್ತ ಕಳೆದರು. ದೇವರ ನಾಮಸ್ಮರಣೆ, ಪ್ರಾಮಾಣಿಕ ದುಡಿಮೆ, ಗಳಿಸಿದ್ದನ್ನು ಹಂಚಿಕೊಂಡು ಉಣ್ಣುವುದು ಇವೇ ಸಿಖ್ಖರ ಬದುಕಿನ ಆಧಾರ. ಕಾಯಕ, ದಾಸೋಹಗಳನ್ನು ಬಲ್ಲ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಳಿಕೆಯ ಹತ್ತರಲ್ಲೊಂದು ಪಾಲನ್ನು ದಸ್ವಂಧ್ ಎಂದು ಎತ್ತಿಡಬೇಕೆಂಬ ನಿಯಮವೂ ಇದೆ. ಆದರೆ ಹಣ ಕೊಟ್ಟ ಮಾತ್ರಕ್ಕೆ ಸೇವೆ ಮುಗಿಯುವುದಿಲ್ಲ. ಪಾತ್ರೆ ತೊಳೆಯುವುದು, ರೊಟ್ಟಿ ಲಟ್ಟಿಸುವುದು, ಬಂದವರ ಪಾದರಕ್ಷೆಗಳನ್ನು ಕಾಯ್ದು ಒರೆಸಿಡುವುದು, ಇವನ್ನೆಲ್ಲ ಸಂಬಳದವರಿಗೆ ಬಿಟ್ಟು ಸುಮ್ಮನಾಗದೆ ವೈದ್ಯರೂ ವ್ಯಾಪಾರಿಗಳೂ ತಾವೇ ಮಾಡುತ್ತಾರೆ. ಪಂಕ್ತಿಯಲ್ಲಿ ಕುಳಿತವರಿಗಿಂತ ಎಂಜಲೆತ್ತುವವರು ಯಾರೆಂದು ನೋಡಿದರೆ ಸಮಾನತೆಯ ನಿಜ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ (ಕೋಲಾರ)
ಮೇಲಿನವರು ಹೇಳಿದ್ದು ಸರಿ, ಆದರೆ ಪೂರ್ತಿಯಲ್ಲ. 1699ರಲ್ಲಿ ಹತ್ತನೆಯ ಗುರು ಗೋಬಿಂದ್ ಸಿಂಗರು ದೀಕ್ಷೆ ಪಡೆದ ಸಿಖ್ಖರ ಪಂಥವಾದ ಖಾಲ್ಸಾ ಕಟ್ಟಿದಾಗ, ಗುರುವಿನ ಕರೆಗೆ ಮೊದಲು ತಲೆ ಕೊಡಲು ಮುಂದಾದ ಐವರು ಬೇರೆ ಬೇರೆ ಜಾತಿಯವರಾಗಿದ್ದರು. ಅವರಲ್ಲೊಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನ ಕ್ಷೌರಿಕ ಕುಲದವರೆಂದು ಪರಂಪರೆ ಹೇಳುತ್ತದೆ (ಹೋದಾಗ ನೆನಪಿಡಿ). ಹೀಗಿದ್ದೂ ಪಂಜಾಬಿನ ಹಲವು ಹಳ್ಳಿಗಳಲ್ಲಿ ದಲಿತ ಸಿಖ್ಖರಿಗೆ ಪ್ರತ್ಯೇಕ ಗುರುದ್ವಾರ, ಪ್ರತ್ಯೇಕ ಸ್ಮಶಾನಗಳಿವೆ. ಮದುವೆಯಂತೂ ಬಹುಮಟ್ಟಿಗೆ ಜಾತಿಯೊಳಗೇ ನಡೆಯುತ್ತದೆ. 1920ರಲ್ಲಿ ದಲಿತ ಸಿಖ್ಖರು ತಂದ ಪ್ರಸಾದವನ್ನು ಅಮೃತಸರದ ಸ್ವರ್ಣಮಂದಿರದ ಅರ್ಚಕರು ಸ್ವೀಕರಿಸಲೊಪ್ಪದೆ ವಿವಾದವಾಯಿತು. ಸಿಖ್ಖರ ಧರ್ಮಗ್ರಂಥವಾದ ಗುರು ಗ್ರಂಥ ಸಾಹಿಬ್ ತೆರೆದು, ಬಂದ ಪದ್ಯದ ತೀರ್ಪಿನಂತೆ ನಡೆಯುವುದೆಂದು ತೀರ್ಮಾನವಾಗಿ, ಪ್ರಸಾದ ಸ್ವೀಕೃತವಾಯಿತು. ಗ್ರಂಥದಲ್ಲಿರುವ ಸಮಾನತೆಯನ್ನು ಜನ ಹೋರಾಡಿಯೇ ಪಡೆಯಬೇಕಾಯಿತು.

ಉತ್ತರ (ಶಿರಾ)
ಹೆಂಗಸರ ಮಾತನ್ನೂ ಸೇರಿಸುತ್ತೇನೆ. ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿಯವರು ಲಂಗರಿನಲ್ಲಿ ಬಡಿಸುತ್ತಿದ್ದ ತುಪ್ಪದ ಪಾಯಸದ ಉಲ್ಲೇಖ ಗುರು ಗ್ರಂಥ ಸಾಹಿಬ್‌ನಲ್ಲೇ ಇದೆ. ಲಂಗರಿನ ಅಡುಗೆಮನೆಯಲ್ಲಿ ಗಂಡಸರೂ ಹಿಟ್ಟು ನಾದುತ್ತಾರೆ, ನಮ್ಮ ಮನೆಗಳಲ್ಲಿ ಕಾಣಸಿಗದ ನೋಟ. ಬೀದರಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ರೊಟ್ಟಿಯನ್ನು ಎರಡೂ ಕೈ ಚಾಚಿ ಪಡೆಯಿರಿ, ತಟ್ಟೆಯಲ್ಲಿ ಬಿಡಬೇಡಿ. ಊಟದ ನಂತರ ಪಾತ್ರೆ ತೊಳೆಯುವ ಕಡೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ.