ಐದು ವಿಧವೂ ಬಾಯಿಪಾಠ, ಆದರೂ ‘ಮೆನಿ ಫರ್ನಿಚರ್ಸ್’!

ಪ್ರಶ್ನೆ: ಮಗಳು ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ನೌನ್ ವಿಧ ಎಷ್ಟು ಅಂತ ಕೇಳಿದರೆ ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಅಬ್‌ಸ್ಟ್ರಾಕ್ಟ್ ಎಂದು ಒಂದೇ ಉಸಿರಿಗೆ ಹೇಳುತ್ತಾಳೆ. ವಾಕ್ಯ ಬರೆಯಲು ಕೂತರೆ ‘ಟೂ ಬುಕ್’, ‘ಮೆನಿ ಫರ್ನಿಚರ್ಸ್’, ‘ಐ ಬಾಟ್ ಎ ರೈಸ್’. ಎಲ್ಲಿಂದ ಸರಿಮಾಡಬೇಕು? ಪಾಠ ಹೇಳಿ ಪಳಗಿದವರು ದಯವಿಟ್ಟು ತಿಳಿಸಿ.

ಉತ್ತರ: ವಿಧಗಳ ಪಟ್ಟಿ ಸದ್ಯಕ್ಕೆ ಬದಿಗಿಡಿ ಮೇಡಂ. ನೀವು ಕೊಟ್ಟ ಮೂರೂ ತಪ್ಪಿನ ಬೇರು ಒಂದೇ, ಎಣಿಕೆ. ಕನ್ನಡದಲ್ಲಿ ‘ಎರಡು ಪುಸ್ತಕ ಕೊಡಿ’, ‘ಹತ್ತು ತೆಂಗಿನಕಾಯಿ’ ಅಂದರೆ ಸಾಕು, ಸಂಖ್ಯೆ ಬಂದಮೇಲೆ ‘ಗಳು’ ಬೇಕೆಂದಿಲ್ಲ. ಮನುಷ್ಯರಾದರೆ ಮಾತ್ರ ‘ಇಬ್ಬರು ಹುಡುಗರು’ ಎನ್ನುತ್ತೇವೆ. ಇಂಗ್ಲಿಷಿಗೆ ಈ ರಿಯಾಯಿತಿ ಇಲ್ಲ. ಎಣಿಸಬಹುದಾದ ವಸ್ತು ಒಂದೇ ಇದ್ದರೆ ಮುಂದೆ ‘ಎ’, ‘ಆನ್’, ‘ದಿ’, ‘ಮೈ’ ಹೀಗೆ ಏನಾದರೊಂದು ಬರಬೇಕು, ಹೆಚ್ಚಿದ್ದರೆ ಬಹುವಚನ ಬರಬೇಕು. ‘ಐ ಹ್ಯಾವ್ ಪೆನ್’ ತಪ್ಪಾಗುವುದು ಇದಕ್ಕೇ.

ಎಣಿಸಲಾಗದ್ದಕ್ಕೆ ‘ಎ’ ಇಲ್ಲ, ‘ಎಸ್’ ಇಲ್ಲ, ‘ಮೆನಿ’ ಬದಲು ‘ಮಚ್’. ಅಕ್ಕಿ, ಹಾಲು, ಎಣ್ಣೆ ಮಕ್ಕಳಿಗೆ ಬೇಗ ಹೊಳೆಯುತ್ತವೆ. ಕಾಲು ಜಾರುವುದು ಕನ್ನಡದಲ್ಲಿ ಎಣಿಸಿ ಇಂಗ್ಲಿಷಿನಲ್ಲಿ ಎಣಿಸದ ಪದಗಳಲ್ಲಿ. ‘ಒಂದು ಸಲಹೆ’ ನಮಗೆ ಸಹಜ, ‘ಆನ್ ಅಡ್ವೈಸ್’ ತಪ್ಪು. ಇನ್ಫರ್ಮೇಶನ್, ಫರ್ನಿಚರ್, ಲಗೇಜ್, ಎಕ್ವಿಪ್‌ಮೆಂಟ್, ಹೋಮ್‌ವರ್ಕ್, ನ್ಯೂಸ್, ಟ್ರಾಫಿಕ್, ಬ್ರೆಡ್, ಸೋಪ್, ಚಾಕ್: ಈ ಹತ್ತನ್ನು ಗೋಡೆಗೆ ಅಂಟಿಸಿ. ಇಲ್ಲಿ ತರ್ಕ ನಡೆಯದು, ಕಂಠಪಾಠವೇ ಗತಿ.

ಎಣಿಸಲೇಬೇಕಾದರೆ ಅಳತೆಯ ಪದವನ್ನು ಎಣಿಸಬೇಕು. ನಾವು ‘ಮೂರು ಮೂಟೆ ಅಕ್ಕಿ’ ಅನ್ನುತ್ತೇವಲ್ಲ, ಅದೇ ಲೆಕ್ಕ: ‘ಥ್ರೀ ಬ್ಯಾಗ್ಸ್ ಆಫ್ ರೈಸ್’. ‘ಎಸ್’ ಮೂಟೆಗೆ, ಅಕ್ಕಿಗಲ್ಲ. ಹಾಗೆಯೇ ‘ಎ ಪೀಸ್ ಆಫ್ ಅಡ್ವೈಸ್’, ‘ಟೂ ಪೀಸಸ್ ಆಫ್ ಫರ್ನಿಚರ್’.

ಅಭ್ಯಾಸಕ್ಕೆ ದಿನಸಿ ಚೀಟಿಗಿಂತ ಒಳ್ಳೆಯ ವರ್ಕ್‌ಬುಕ್ ಇಲ್ಲ. ಎರಡು ಕೆಜಿ ಅಕ್ಕಿ, ಆರು ಮೊಟ್ಟೆ, ಅರ್ಧ ಲೀಟರ್ ಹಾಲು, ಒಂದು ಸೋಪು ಎಂಬುದನ್ನು ಇಂಗ್ಲಿಷಿನಲ್ಲಿ ಬರೆಸಿ. ಮೊಟ್ಟೆ ‘ಸಿಕ್ಸ್ ಎಗ್ಸ್’, ಸೋಪು ‘ಎ ಬಾರ್ ಆಫ್ ಸೋಪ್’. ದಿನಕ್ಕೆ ಐದು ಸಾಲು ಸಾಕು.

ಉತ್ತರ: ಇದಕ್ಕೊಂದು ಸೇರಿಸುತ್ತೇನೆ. ‘ನೌನ್ ಅಂದರೆ ನಾಮಪದ’ ಎಂದು ಹೇಳಿಕೊಟ್ಟಿದ್ದರೆ ಅಲ್ಲಿಯೂ ಗೊಂದಲ ಇರುತ್ತದೆ. ಕನ್ನಡ ವ್ಯಾಕರಣದ ನಾಮಪದದಲ್ಲಿ ಗುಣವಾಚಕ, ಸಂಖ್ಯಾವಾಚಕ, ಸರ್ವನಾಮ ಎಲ್ಲವೂ ಸೇರುತ್ತವೆ. ಹಾಗಾಗಿ ಮಕ್ಕಳು ‘ಗುಡ್’, ‘ಟೆನ್’, ‘ಶಿ’ ಅಡಿಗೂ ಗೆರೆ ಎಳೆಯುತ್ತಾರೆ. ಇಂಗ್ಲಿಷ್ ಪಾಠದಲ್ಲಿ ‘ಗುಡ್’ ಅಡ್ಜೆಕ್ಟಿವ್, ‘ಶಿ’ ಪ್ರೊನೌನ್. ಅಂಕಿತನಾಮ ಪ್ರಾಪರ್‌ಗೆ, ರೂಢನಾಮ ಕಾಮನ್‌ಗೆ, ಭಾವನಾಮ ಬಹುಮಟ್ಟಿಗೆ ಅಬ್‌ಸ್ಟ್ರಾಕ್ಟ್‌ಗೆ ಹೊಂದುತ್ತವೆ. ಶಿಕ್ಷಕ, ವ್ಯಾಪಾರಿಯಂಥ ಅನ್ವರ್ಥನಾಮಗಳೂ ಅಲ್ಲಿ ಕಾಮನ್ನೇ. ಕಲೆಕ್ಟಿವ್, ಮೆಟೀರಿಯಲ್ ಎರಡಕ್ಕೂ ನಮ್ಮ ಶಾಲಾ ವ್ಯಾಕರಣದಲ್ಲಿ ಬೇರೆ ಖಾನೆಯಿಲ್ಲ, ಹೊಸದಾಗಿಯೇ ಕಲಿಸಿ.

ಉತ್ತರ: ಪ್ರಾಪರ್ ನೌನ್‌ನಲ್ಲಿ ಅಂಕ ಹೋಗುವುದು ದೊಡ್ಡಕ್ಷರದಲ್ಲಿ. ನಮ್ಮ ಲಿಪಿಯಲ್ಲಿ ಅಂಥದ್ದಿಲ್ಲವಾದ್ದರಿಂದ ಕೈಗೆ ಅಭ್ಯಾಸವಿರುವುದಿಲ್ಲ. ಊರು, ಹೆಸರು ಸರಿ ಬರೆದವರೂ ಸಂಡೆ, ಮಾರ್ಚ್, ಕನ್ನಡ, ಇಂಡಿಯನ್ ಎಂಬಲ್ಲಿ ಮರೆಯುತ್ತಾರೆ. ‘ಸಮ್ಮರ್’ ಮಾತ್ರ ಸಣ್ಣಕ್ಷರ. ಇನ್ನು ‘ದಿ’: ನದಿಗೆ, ಬೆಟ್ಟಸಾಲಿಗೆ ಬೇಕು (ದಿ ಕಾವೇರಿ, ದಿ ವೆಸ್ಟರ್ನ್ ಘಾಟ್ಸ್), ಊರಿಗೆ ಬೇಡ, ಮುಳ್ಳಯ್ಯನಗಿರಿಯಂಥ ಒಂಟಿ ಶಿಖರಕ್ಕೂ ಬೇಡ.

ಉತ್ತರ: ಮೊದಲ ಉತ್ತರ ಕೊಟ್ಟವರ ಮಾತಿಗೆ ಅರ್ಧ ಒಪ್ಪಿಗೆ. ಪರೀಕ್ಷೆಯಲ್ಲಿ ವಿಧ ಕೇಳಿದರೆ ಬರೆಯಲೇಬೇಕಲ್ಲ ಸರ್! ಆದರೆ ಪದ ಕೊಟ್ಟು ವಿಧ ಕೇಳಬೇಡಿ, ವಾಕ್ಯ ಕೊಟ್ಟು ಕೇಳಿ. ‘ಗ್ಲಾಸ್’ ಗಾಜಾದರೆ ಮೆಟೀರಿಯಲ್, ಲೋಟವಾದರೆ ಕಾಮನ್. ‘ಐರನ್’ ಕಬ್ಬಿಣವೂ ಹೌದು, ಇಸ್ತ್ರಿಪೆಟ್ಟಿಗೆಯೂ ಹೌದು. ‘ವಾಟರ್ ದಿ ಪ್ಲಾಂಟ್ಸ್’ ಎಂಬಲ್ಲಿ ನೀರು ನೌನೇ ಅಲ್ಲ, ಕ್ರಿಯಾಪದ.

ಅಬ್‌ಸ್ಟ್ರಾಕ್ಟನ್ನು ಬಾಲ ನೋಡಿ ಹಿಡಿಯಬಹುದು. ಬಡವ–ಬಡತನ, ಹಿರಿಯ–ಹಿರಿತನ ಇದ್ದಂತೆ ಕೈಂಡ್–ಕೈಂಡ್‌ನೆಸ್, ಚೈಲ್ಡ್–ಚೈಲ್ಡ್‌ಹುಡ್, ಫ್ರೆಂಡ್–ಫ್ರೆಂಡ್‌ಶಿಪ್. ಲಾಂಗ್–ಲೆಂತ್, ಸ್ಟ್ರಾಂಗ್–ಸ್ಟ್ರೆಂತ್, ಪೂರ್–ಪಾವರ್ಟಿ, ಪ್ರೌಡ್–ಪ್ರೈಡ್ ಒಳಗೇ ರೂಪ ಬದಲಿಸುತ್ತವೆ, ಇವುಗಳನ್ನು ಜೋಡಿಯಾಗಿಯೇ ಬರೆಸಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಇನ್ನೊಂದು ಅನುಮಾನ. ‘ನ್ಯೂಸ್’ ಕೊನೆಗೆ ‘ಎಸ್’ ಇದೆಯಲ್ಲ, ‘ಆರ್’ ಹಾಕಬೇಕಾ? ಮತ್ತೆ ‘ಒನ್ ಆಫ್ ಮೈ ಫ್ರೆಂಡ್’ ಅಂತ ಬರೆದದ್ದಕ್ಕೆ ಕೆಂಪು ಗೆರೆ ಬಿದ್ದಿದೆ.

ಉತ್ತರ: ನ್ಯೂಸ್, ಮ್ಯಾಥಮ್ಯಾಟಿಕ್ಸ್ ಎರಡಕ್ಕೂ ‘ಈಸ್’. ‘ಪೊಲೀಸ್’ ಇದಕ್ಕೆ ತದ್ವಿರುದ್ಧ, ನೋಡಲು ಏಕವಚನ, ಕ್ರಿಯಾಪದ ‘ಆರ್’. ‘ಒನ್ ಆಫ್’ ಅಂದರೆ ಹಲವರಲ್ಲಿ ಒಬ್ಬಳು, ಆದ್ದರಿಂದ ‘ಫ್ರೆಂಡ್ಸ್’. ಆದರೆ ಮಾತು ಆ ಒಬ್ಬಳದೇ, ಹಾಗಾಗಿ ಕ್ರಿಯಾಪದ ಏಕವಚನ: ‘ಒನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಇನ್ ಹಾಸನ್’. ಇಲ್ಲೇ ಇನ್ನೊಂದು: ‘ಟೆನ್ ರುಪೀಸ್’ ಸರಿ, ನೋಟಿನ ಮುಂದೆ ಬಂದರೆ ‘ಎ ಟೆನ್-ರುಪೀ ನೋಟ್’, ಅಲ್ಲಿ ‘ಎಸ್’ ಬಿದ್ದುಹೋಗುತ್ತದೆ.