ಅಪ್ಪನ ಬುಲೆಟ್‌ಗೆ ಮುಂದೆ ಡಿಸ್ಕ್ ಬ್ರೇಕ್ ಹಾಕಿಸಲಾ, ಟ್ವಿನ್ ಲೀಡಿಂಗ್ (ಎರಡೂ ಶೂ ಬಿಗಿಯಾಗಿ ಕಚ್ಚೋ) ಡ್ರಮ್ ಬ್ರೇಕೇ ಸಾಕಾ?

ಕೊಟ್ಟಿಗೆಹಾರ_350:
ಅಪ್ಪ ತಗೊಂಡಿದ್ದ 1984ರ ಬುಲೆಟ್ 350 ನಮ್ಮ ಮನೇಲಿದೆ. ಬಲಗಾಲಲ್ಲಿ ಗೇರ್, ಎಡಗಾಲಲ್ಲಿ ಬ್ರೇಕ್. ಮುಂದೆ 6 ಇಂಚಿನ ಹಳೇ ಡ್ರಮ್ ಬ್ರೇಕ್, ಅಂದ್ರೆ ಚಕ್ರದ ಡ್ರಮ್ ಒಳಗೆ ಎರಡು ಶೂ ಅಗಲಿ ಒತ್ತಿ ಹಿಡಿಯೋದು. ಹೋದ ಭಾನುವಾರ ಅವ್ವನ್ನ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಚಾರ್ಮಾಡಿ ಘಾಟಿ ಇಳಿಯುವಾಗ ತಿರುವಿನಲ್ಲಿ ಎದುರಿಗೆ ಜೀಪು ಬಂತು. ಲಿವರ್ ಹಿಡಿದರೆ ಹ್ಯಾಂಡಲ್‌ಗೇ ಬಂದು ತಾಗಿತು, ಗಾಡಿ ಮಾತ್ರ ತನ್ನ ಪಾಡಿಗೆ ಹೋಗ್ತಾನೇ ಇತ್ತು. ಹೇಗೋ ಚರಂಡಿ ಕಡೆ ಎಳೆದು ನಿಲ್ಲಿಸಿದೆ. ಅವ್ವ ಉಜಿರೆ ಬರೋವರೆಗೂ ಒಂದು ಮಾತಾಡಲಿಲ್ಲ. ಏನು ಮಾಡಿಸಲಿ?

ಡಿಸ್ಕ್‌ಪ್ರಿಯ:
ಯೋಚನೆ ಮಾಡಬೇಡಿ ಗುರು, ಡಿಸ್ಕ್ ಹಾಕಿಸಿ. ಫೋರ್ಕ್ ಕಾಲು, ಹಬ್, ಕ್ಯಾಲಿಪರ್ (ಡಿಸ್ಕ್ ಹಿಡಿಯೋದು), ಮಾಸ್ಟರ್ ಸಿಲಿಂಡರ್ (ಲಿವರ್ ಹಿಡಿದಾಗ ಬ್ರೇಕ್ ಎಣ್ಣೆ ತಳ್ಳೋದು) ಎಲ್ಲ ಒಂದೇ ಗಾಡಿಯದ್ದು ತಗೊಳ್ಳಿ. ನಾನು ಮಾಸ್ಟರ್ ಸಿಲಿಂಡರ್ ಬೇರೆ ಗಾಡಿಯದ್ದು ಹಾಕಿದ್ದೆ, ಪಿಸ್ಟನ್ ದಪ್ಪ ಜಾಸ್ತಿ. ಲಿವರ್ ಕಲ್ಲಿನ ಹಾಗೆ ಗಟ್ಟಿ, ಬ್ರೇಕ್ ಮಾತ್ರ ಇಲ್ಲ.

ಲೇತ್‌ಮೇಷ್ಟ್ರು, ಹಾಸನ:
ತಮ್ಮಾ, ದುಡ್ಡು ಬಿಚ್ಚೋ ಮೊದಲು ಚಕ್ರ ಬಿಚ್ಚು. ಲಿವರ್ ಹ್ಯಾಂಡಲ್‌ಗೆ ಬಂತು ಅಂದ್ರೆ ಮೊದಲು ನೋಡಬೇಕಾದ್ದು ಕೇಬಲ್, ಶೂ. ಕೆಲವರು ಶೂ ಸವೆದರೆ ಕ್ಯಾಮ್ ಲಿವರನ್ನ (ಕೇಬಲ್ ಎಳೆದಾಗ ತಿರುಗಿ ಶೂ ಅಗಲಿಸೋದು) ಒಂದು ಹಲ್ಲು ಹಿಂದಕ್ಕೆ ಕೂರಿಸಿ ಕಳಿಸಿಬಿಡ್ತಾರೆ. ಕೈಗೆ ಬಿಗಿ ಅನ್ನಿಸುತ್ತೆ, ಒಳಗೆ ಶೂ ಮೇಲೆ ಉಜ್ಜೋ ಪದರ, ಲೈನಿಂಗೇ ಇರಲ್ಲ. ಬ್ರೇಕ್ ಹಿಡಿದಾಗ ಆ ಲಿವರಿಗೂ ಕೇಬಲ್ಲಿಗೂ ನಡುವೆ 90 ಡಿಗ್ರಿ ಇರಬೇಕು. ಅದನ್ನ ದಾಟಿದರೆ ನಿನ್ನ ಕೈಬಲ ಅರ್ಧ ದಂಡ.

ಡ್ರಮ್ಮಿನ ಧೂಳನ್ನ ಊದಬೇಡ. ಹಳೇ ಲೈನಿಂಗಲ್ಲಿ ಆಸ್ಬೆಸ್ಟಸ್ ಇರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸು. ಆಮೇಲೆ ಶೂ ಮೇಲೆ ಸೀಮೆಸುಣ್ಣ ಉಜ್ಜಿ, ಚಕ್ರ ಹಾಕಿ, ಬ್ರೇಕ್ ಹಿಡಿದು ಎರಡು ಸುತ್ತು ತಿರುಗಿಸಿ ಬಿಚ್ಚು. ಸುಣ್ಣ ಅಳಿಸಿದಷ್ಟೇ ಜಾಗ ಕೆಲಸ ಮಾಡ್ತಿರೋದು.

ಕೊಟ್ಟಿಗೆಹಾರ_350:
ಮೇಷ್ಟ್ರೇ, ಬಿಚ್ಚಿದೆ. ಒಂದು ಶೂನಲ್ಲಿ ತುದಿಯ ಎರಡು ಬೆರಳಷ್ಟು ಮಾತ್ರ ಅಳಿಸಿದೆ. ಇನ್ನೊಂದು ಬೆಳ್ಳಗೇ ಇದೆ!

ಲೇತ್‌ಮೇಷ್ಟ್ರು, ಹಾಸನ:
ನೋಡಿದೆಯಾ? ಮೊದಲು ಚಕ್ರದ ಕಡ್ಡಿ (ಸ್ಪೋಕ್) ಬಿಗಿ ಮಾಡಿಸು, ಆಮೇಲೆ ಚಕ್ರ ಸಮೇತ ಡ್ರಮ್ಮನ್ನ ಲೇತಿಗೆ ಹಾಕಿಸು. ಬರೀ ಹಬ್ ಕಡೆಸಿ ಆಮೇಲೆ ಕಡ್ಡಿ ಕಟ್ಟಿದರೆ ಡ್ರಮ್ ಮತ್ತೆ ಸೊಟ್ಟ ಆಗುತ್ತೆ. ಹೊಸ ಶೂ, ಹೊಸ ಕೇಬಲ್ ಹಾಕು. ಕೊನೆಗೆ ಆಕ್ಸಲ್ ನಟ್ ಸಡಿಲ ಬಿಟ್ಟು, ಬ್ರೇಕ್ ಒತ್ತಿ ಹಿಡಿದುಕೊಂಡೇ ಬಿಗಿ ಮಾಡು. ಶೂ ಕೂತಿರೋ ಪ್ಲೇಟ್ ತಾನೇ ನಡುವಿಗೆ ಬಂದು ಕೂರುತ್ತೆ.

ಇಷ್ಟಾದರೂ ಸಾಲದು ಅಂದ್ರೆ 7 ಇಂಚಿನ ಟ್ವಿನ್ ಲೀಡಿಂಗ್ ನೋಡು. ನಿನ್ನದರಲ್ಲಿ ಒಂದು ಶೂನ ಮಾತ್ರ ತಿರುಗೋ ಡ್ರಮ್ ತಾನೇ ತನ್ನ ಕಡೆಗೆ ಎಳೆದುಕೊಳ್ಳುತ್ತೆ. ಅದರಲ್ಲಿ ಎರಡನ್ನೂ ಎಳೆಯುತ್ತೆ. ಆದರೆ ಪ್ಲೇಟ್ ತಿರುಗದ ಹಾಗೆ ಫೋರ್ಕ್ ಹಿಡಿದುಕೊಳ್ಳೋ ಜಾಗ ಹೊಂದುತ್ತಾ ಅಂತ ನೋಡಿಯೇ ತಗೋ. ಎರಡು ಕ್ಯಾಮ್ ನಡುವಿನ ರಾಡ್ ಅಳತೆ ತಪ್ಪಿದರೆ ಒಂದು ಶೂ ಸುಮ್ನೆ ಕೂತಿರುತ್ತೆ. ಖರ್ಚು ಮಾಡಿದ್ದಷ್ಟೇ ಲಾಭ.

ಡಿಸ್ಕ್‌ಪ್ರಿಯ:
ಟ್ವಿನ್ ಲೀಡಿಂಗ್ ಏರಿನಲ್ಲಿ ಹಿಂದಕ್ಕೆ ಜಾರುತ್ತೆ ಅಂತಾರಲ್ಲ ಮೇಷ್ಟ್ರೇ?

ಲೇತ್‌ಮೇಷ್ಟ್ರು, ಹಾಸನ:
ನಿಜ. ಹಿಂದಕ್ಕೆ ಉರುಳುವಾಗ ಡ್ರಮ್ ಎರಡೂ ಶೂನ ಎಳೆದುಕೊಳ್ಳೋ ಬದಲು ದೂರ ತಳ್ಳುತ್ತೆ, ಹಿಡಿತ ಇರಲ್ಲ. ಏರಿನಲ್ಲಿ ನಿಲ್ಲೋ ಮೊದಲೇ ಫಸ್ಟ್ ಗೇರ್ ಹಾಕಿ, ಕ್ಲಚ್ ಹಿಡಿದು, ಎಡಗಾಲು ಬ್ರೇಕ್ ಮೇಲೆ, ಬಲಗಾಲು ನೆಲಕ್ಕೆ.

ಕೊಟ್ಟಿಗೆಹಾರ_350:
ಶೂ, ಕೇಬಲ್, ಲೇತ್ ಕೆಲಸ ಎಲ್ಲ ಸೇರಿ 1,650 ಆಯ್ತು. ನಿನ್ನೆ ಒಬ್ಬನೇ ಘಾಟಿ ಇಳಿದು ಬಂದೆ. ಲಿವರ್ ಅರ್ಧಕ್ಕೇ ಕಚ್ಚುತ್ತೆ. ಸದ್ಯಕ್ಕೆ ಇದೇ ಇರಲಿ. ಅವ್ವ ಮಾತ್ರ ಇನ್ಮೇಲೆ ಧರ್ಮಸ್ಥಳಕ್ಕೆ ಬಸ್ಸಲ್ಲೇ ಹೋಗೋದಂತೆ.